ಸೋವಿನ್ಯೋನ್ ಬ್ಲಾಂಕ್ ತಗೊಳ್ಳೋದಾ, ಶೆನಿನ್ ಬ್ಲಾಂಕ್ ತಗೊಳ್ಳೋದಾ?

ಬೆಂಗಳೂರಿನ ಸ್ವಲ್ಪ ದೊಡ್ಡ ಮದ್ಯದಂಗಡಿಗೆ ಹೋಗಿ ಬಿಳಿ ವೈನ್ ಕೇಳಿದರೆ ಮುಂದೆ ಬರುವ ಬಾಟಲಿಗಳಲ್ಲಿ ಹೆಚ್ಚಿನವು ಎರಡು ದ್ರಾಕ್ಷಿ ತಳಿಗಳವು. ಒಂದು ಸೋವಿನ್ಯೋನ್ ಬ್ಲಾಂಕ್, ಇನ್ನೊಂದು ಶೆನಿನ್ ಬ್ಲಾಂಕ್. ಎರಡೂ ಫ್ರಾನ್ಸ್ ಮೂಲದವು. ಎರಡರಲ್ಲೂ ಹುಳಿ ಚುರುಕು. ತಣ್ಣಗೆ ಕುಡಿದರೆ ಎರಡೂ ಬಾಯಿಗೆ ಹಿತ. ಶೆನಿನ್ ಸಾಮಾನ್ಯವಾಗಿ ಸ್ವಲ್ಪ ಅಗ್ಗ. ಹೀಗಾಗಿ ಲೇಬಲ್ ಚೆನ್ನಾಗಿ ಕಂಡಿದ್ದನ್ನು ಎತ್ತಿಕೊಂಡು ಬರುವವರೇ ಜಾಸ್ತಿ, ಆಮೇಲೆ ಊಟದ ಜೊತೆ ಹೊಂದಲಿಲ್ಲ ಎಂದು ಬಿಳಿ ವೈನನ್ನೇ ಬಿಟ್ಟವರೂ ಇದ್ದಾರೆ.

ಆಯ್ಕೆಯ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇವೆ. ಬಾಟಲಿ ಹೊಸದು, ಅಂಗಡಿಯವರು ಅದನ್ನು ತಂಪಿನಲ್ಲಿ ಇಟ್ಟಿದ್ದಾರೆ, ಊಟದಲ್ಲಿ ಸೊಪ್ಪು, ನಿಂಬೆ, ಮೀನು ಇದೆ ಎಂದಾದರೆ ಸೋವಿನ್ಯೋನ್. ಬಾಟಲಿಯ ವಯಸ್ಸಿನ ಬಗ್ಗೆ ಅನುಮಾನವಿದ್ದರೆ, ಅಥವಾ ತಟ್ಟೆಯಲ್ಲಿ ಖಾರ ಜಾಸ್ತಿ ಇದ್ದರೆ ಶೆನಿನ್. ಬ್ರಾಂಡು, ಬೆಲೆ, ಪದಕದ ಸ್ಟಿಕ್ಕರ್ ಎಲ್ಲ ಇದರ ನಂತರದ ಮಾತು. ಇದಕ್ಕೆ ಕಾರಣ ಆ ಎರಡು ಹಣ್ಣುಗಳ ಗುಣದಲ್ಲೇ ಇದೆ.

ಗ್ಲಾಸಿನಲ್ಲಿ ಏನು ಬೇರೆ

ಸೋವಿನ್ಯೋನಿನ ಗುರುತು ಅದರ ಘಮ. ಅದು ಎರಡು ಬಗೆಯ ಪದಾರ್ಥಗಳಿಂದ ಬರುತ್ತದೆ. ಮೊದಲನೆಯದು ಮೆಥಾಕ್ಸಿಪೈರಜೀನ್. ಹಸಿ ದಪ್ಪ ಮೆಣಸಿನಕಾಯಿಯನ್ನು ಹೆಚ್ಚಿದಾಗ ಬರುವ ಹಸಿರು ವಾಸನೆ ಇದರದೇ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಭಾಗಗಳಲ್ಲಿ ಎರಡು ಭಾಗದಷ್ಟಿದ್ದರೂ ಮೂಗು ಹಿಡಿದುಬಿಡುತ್ತದೆ. ಇದು ಸೋವಿನ್ಯೋನಿನ ವಂಶಕ್ಕೇ ಅಂಟಿಕೊಂಡ ಗುಣ. ಕೆಂಪು ವೈನಿನ ಪ್ರಸಿದ್ಧ ತಳಿ ಕ್ಯಾಬರ್ನೆ ಸೋವಿನ್ಯೋನ್ ಹುಟ್ಟಿದ್ದು ಸೋವಿನ್ಯೋನ್ ಬ್ಲಾಂಕ್ ಮತ್ತು ಕ್ಯಾಬರ್ನೆ ಫ್ರಾಂಕ್ ಕೂಡಿ ಎಂದು 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಡಿಎನ್‌ಎ ಪರೀಕ್ಷೆಯಿಂದ ತೋರಿಸಿಕೊಟ್ಟರು. ಸರಿಯಾಗಿ ಹಣ್ಣಾಗದ ಕ್ಯಾಬರ್ನೆಯಲ್ಲೂ ಇದೇ ದಪ್ಪ ಮೆಣಸಿನಕಾಯಿ ಮೂಗಿಗೆ ಬಡಿಯುತ್ತದೆ.

ಎರಡನೆಯದು ಥಯಾಲ್ ಎಂಬ ಗಂಧಕದ ಸಂಯುಕ್ತಗಳು. ಕೊಡಗಿನ ತೋಟಗಳಲ್ಲಿ ಸಿಗುವ ಪ್ಯಾಶನ್ ಫ್ರೂಟ್, ಮಾಗಿದ ಸೀಬೆಹಣ್ಣು, ದೇವನಹಳ್ಳಿಯ ಚಕ್ಕೋತದ ಸಿಪ್ಪೆ ಸುಲಿದಾಗ ಏಳುವ ಕಂಪು, ಇವೆಲ್ಲ ಈ ಗುಂಪಿಗೆ ಸೇರಿದ್ದು. ವಿಶೇಷವೆಂದರೆ ದ್ರಾಕ್ಷಿಯನ್ನು ಹಾಗೇ ತಿಂದರೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹಣ್ಣಿನೊಳಗೆ ಇದು ಬೇರೆ ಅಣುಗಳಿಗೆ ಕಟ್ಟಿಕೊಂಡಿರುತ್ತದೆ. ಹುದುಗುವಾಗ ಯೀಸ್ಟ್ ಅದನ್ನು ಬಿಡಿಸಿ ಹೊರಗೆ ತರುತ್ತದೆ.

ಶೆನಿನ್‌ಗೆ ಇಷ್ಟು ಜೋರಾದ ಗುರುತಿಲ್ಲ. ಮರಸೇಬು, ಸೇಬು, ಕರಬೂಜ, ಸ್ವಲ್ಪ ಜೇನಿನ ಛಾಯೆ, ಕೆಲವದರಲ್ಲಿ ಅನಾನಸ್. ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ಸೋವಿನ್ಯೋನ್ ತಾನಾಗಿಯೇ ಮೇಲೆ ಬರುತ್ತದೆ, ಶೆನಿನ್‌ಗೆ ಎರಡು ಸುತ್ತು ಅಲ್ಲಾಡಿಸಿ ಕಾಯಬೇಕು. ಇದನ್ನು ದೋಷ ಅನ್ನಬೇಡಿ. ಒಗ್ಗರಣೆ, ಗರಂ ಮಸಾಲೆ, ಹುರಿದ ಕೊಬ್ಬರಿಯ ವಾಸನೆ ತುಂಬಿರುವ ಊಟದ ಜೊತೆ ಜೋರಾದ ಘಮದ ವೈನ್ ಜಗಳಕ್ಕೆ ನಿಲ್ಲುತ್ತದೆ, ಮೃದುವಾದದ್ದು ಹೊಂದಿಕೊಳ್ಳುತ್ತದೆ.

ಶೆನಿನ್‌ನಲ್ಲಿ ಹುಳಿ ಕಡಿಮೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ಎರಡೂ ಲೀಟರಿಗೆ ಸುಮಾರು 6ರಿಂದ 8 ಗ್ರಾಂ ಆಮ್ಲದ ಆಸುಪಾಸಿನ ವೈನ್‌ಗಳು. ಭಾರತದ ಶೆನಿನ್ ಮೆತ್ತಗೆ ಕಾಣುವುದು ಅದರಲ್ಲಿ ಉಳಿಸಿದ ಸಕ್ಕರೆಯಿಂದ. ಪೂರ್ತಿ ಹುದುಗಿದ ಡ್ರೈ ವೈನಿನಲ್ಲಿ ಸಕ್ಕರೆ ಲೀಟರಿಗೆ 4 ಗ್ರಾಮಿನ ಒಳಗೆ. ಇಲ್ಲಿನ ಬಹಳಷ್ಟು ಶೆನಿನ್‌ಗಳಲ್ಲಿ ಹುದುಗುವಿಕೆಯನ್ನು ನಡುವೆಯೇ ತಂಪು ಮಾಡಿ ನಿಲ್ಲಿಸುತ್ತಾರೆ, ಸಕ್ಕರೆ ಉಳಿದುಬಿಡುತ್ತದೆ. ಲೀಟರಿಗೆ 12 ಗ್ರಾಂ ಇದೆ ಎಂದುಕೊಳ್ಳಿ. 150 ಮಿಲಿಯ ಒಂದು ಗ್ಲಾಸಿಗೆ ಎರಡು ಗ್ರಾಮೂ ಆಗದು, ಅರ್ಧ ಚಮಚಕ್ಕಿಂತ ಕಡಿಮೆ. ಅಷ್ಟಕ್ಕೇ ಹುಳಿಯ ಮೊನೆ ಮೊಂಡಾಗುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದೇ ಆಕಾರದ ಎರಡು ಗ್ಲಾಸಿಗೆ 50 ಮಿಲಿಯಷ್ಟು ಬಗ್ಗಿಸಿ. ಎರಡೂ ಒಂದೇ ತಂಪಿನಲ್ಲಿರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ: ಹೆಚ್ಚು ತಣ್ಣಗಿರುವುದು ಯಾವತ್ತೂ ಕಡಿಮೆ ಸಿಹಿಯಾಗಿ ಕಾಣುತ್ತದೆ. ಒಂದು ಗುಟುಕು ನುಂಗಿ, ತಲೆ ಸ್ವಲ್ಪ ಬಗ್ಗಿಸಿ, ಕೆನ್ನೆಯ ಒಳಗಡೆ ನೀರೂರುವುದನ್ನು ಗಮನಿಸಿ. ಹುಳಿಯ ಅಳತೆ ಆ ನೀರೂರುವಿಕೆಯೇ ಹೊರತು ನಾಲಿಗೆಯ ಮೊದಲ ಅನಿಸಿಕೆಯಲ್ಲ. ಸಿಹಿ ಅನಿಸಿದ ಶೆನಿನ್ ಕೂಡ ಬಾಯಲ್ಲಿ ಅಷ್ಟೇ ನೀರೂರಿಸಿದರೆ ಅದರ ಹುಳಿ ಗಟ್ಟಿಯಾಗಿದೆ ಎಂದರ್ಥ. ನೀರೂರದೆ ಬರೀ ಸಿಹಿ ಉಳಿದರೆ ಆ ಬಾಟಲಿಯನ್ನು ಮತ್ತೆ ತರಬೇಡಿ.

ತೋಟದಲ್ಲಿ ಯಾವುದು ಹೇಗೆ ನಡೆದುಕೊಳ್ಳುತ್ತದೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಎಂಬ ವೈನ್ ಕಂಪನಿಯ ತೋಟಗಳಿವೆ. ನಾಸಿಕ್‌ನಲ್ಲಿ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ, ನಮ್ಮದೇ ಉತ್ತರ ಕರ್ನಾಟಕದ ಹಂಪಿ ಸೀಮೆಯಲ್ಲಿ ಕೃಷ್ಮಾ. ಇವರೆಲ್ಲರೂ ಸೋವಿನ್ಯೋನ್ ಮಾಡಿದ್ದಾರೆ. ಭಾರತದಲ್ಲಿ ಈ ಎರಡೂ ತಳಿಗಳ ಹೆಸರನ್ನು ಜನರ ಬಾಯಿಗೆ ತಂದದ್ದು ಸುಲಾ. 2000ದಲ್ಲಿ ಅವರ ಮೊದಲ ಬಾಟಲಿಗಳು ಬಂದವು. ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಇಲ್ಲಿನ ವೈನರಿಗಳಿಗೂ ದಾರಿ ಸ್ವಲ್ಪ ಸಲೀಸಾಯಿತು.

ಬೆಂಗಳೂರು ಸುತ್ತಮುತ್ತ ದ್ರಾಕ್ಷಿ ಎಂದರೆ ಬೆಂಗಳೂರು ನೀಲಿ. 2013ರಲ್ಲಿ ಭೌಗೋಳಿಕ ಗುರುತು ಪಡೆದ ತಳಿ, ಗಡುಸು, ರೋಗ ತಡೆಯುತ್ತದೆ. ಸೋವಿನ್ಯೋನ್ ಅದರ ತದ್ವಿರುದ್ಧ. ಬಳ್ಳಿ ಎಲೆಯನ್ನು ಯದ್ವಾತದ್ವಾ ಬಿಡುತ್ತದೆ. ಎಲೆ ದಟ್ಟವಾದರೆ ಗೊಂಚಲಿಗೆ ಬಿಸಿಲು ತಾಕುವುದಿಲ್ಲ, ಬಿಸಿಲು ತಾಕದಿದ್ದರೆ ಮೆಥಾಕ್ಸಿಪೈರಜೀನ್ ಇಳಿಯುವುದಿಲ್ಲ, ವೈನ್ ಬೇಯಿಸಿದ ಬೀನ್ಸಿನ ವಾಸನೆ ಹೊಡೆಯುತ್ತದೆ. ಎಲೆ ಪೂರ್ತಿ ಕಿತ್ತರೆ ಮಧ್ಯಾಹ್ನದ ಬಿಸಿಲಿಗೆ ಹಣ್ಣು ಸುಟ್ಟು ಕಂದಾಗುತ್ತದೆ, ಒಗರು ಬರುತ್ತದೆ. ಬೆಳಗಿನ ಬಿಸಿಲು ಬೀಳುವ ಪಕ್ಕದಲ್ಲಿ ಮಾತ್ರ ಎಲೆ ತೆಗೆದು, ಇಳಿಬಿಸಿಲಿನ ಪಕ್ಕದಲ್ಲಿ ಹಾಗೇ ಉಳಿಸುವುದು ಬಲ್ಲವರ ಪದ್ಧತಿ.

ದಕ್ಷಿಣ ಭಾರತದಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆ ಎರಡು ಸಲ ಪ್ರೂನಿಂಗ್, ಬೆಳೆ ಮಾತ್ರ ಒಂದು. ಏಪ್ರಿಲ್ ಹೊತ್ತಿಗೆ ಒಂದು ಸಲ ಸವರಿ ಹೊಸ ಕಡ್ಡಿ ಬೆಳೆಸುತ್ತಾರೆ, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರಿ ಹಣ್ಣಿಗೆ ಬಿಡುತ್ತಾರೆ. ಬಿಳಿ ತಳಿಗಳ ಕಟಾವು ಜನವರಿಯಿಂದ ಮಾರ್ಚ್ ಒಳಗೆ. ಈ ಲೆಕ್ಕಾಚಾರದ ಉದ್ದೇಶ ಒಂದೇ: ಹಣ್ಣು ಮಾಗುವಾಗ ರಾತ್ರಿ ತಂಪಿರಲಿ. ದ್ರಾಕ್ಷಿಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಬಿಸಿಯಲ್ಲಿ ಹಣ್ಣೇ ಉಸಿರಾಡಿ ಕರಗಿಸಿಕೊಳ್ಳುತ್ತದೆ. ರಾತ್ರಿ 15 ಡಿಗ್ರಿಗೆ ಇಳಿಯುವ ನಂದಿಯ ಬುಡದಲ್ಲಿ ಜನವರಿಯಲ್ಲಿ ಹುಳಿ ಉಳಿಯುತ್ತದೆ, ಮಾರ್ಚ್ ಕೊನೆಗೆ ಬಂತೆಂದರೆ ದಿನದಿನಕ್ಕೂ ಜಾರುತ್ತದೆ.

ಇಲ್ಲೇ ಎರಡು ತಳಿಗಳ ದಾರಿ ಬೇರೆಯಾಗುವುದು. ಸೋವಿನ್ಯೋನ್ ಕಟಾವಿನ ಗಳಿಗೆ ಬಹಳ ಇಕ್ಕಟ್ಟು. ಸಕ್ಕರೆ 21ರಿಂದ 22 ಬ್ರಿಕ್ಸ್ (ರಸದಲ್ಲಿ ನೂರಕ್ಕೆ ಎಷ್ಟು ಸಕ್ಕರೆ ಎಂಬ ಅಳತೆ) ಮುಟ್ಟಬೇಕು, ಪಿಎಚ್ 3.3 ದಾಟಬಾರದು (ಅದು ಏರಿದಷ್ಟೂ ಹುಳಿ ಇಳಿದಂತೆ), ಹಸಿರು ವಾಸನೆ ಇಳಿದಿರಬೇಕು, ಥಯಾಲ್ ಮಾತ್ರ ಹೋಗಿರಬಾರದು. ನಾಲ್ಕೂ ಒಟ್ಟಿಗೆ ಸಿಗುವ ದಿನಗಳು ಕೆಲವೇ. ಬೇಗ ಕೊಯ್ದರೆ ಎಲೆಯ ರಸದಂಥ ತೆಳು ವೈನ್, ತಡವಾದರೆ ಸಪ್ಪೆ ಕರಬೂಜ. ಶೆನಿನ್ ಬಿಸಿಯಲ್ಲೂ ಹುಳಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವ ತಳಿ. ಎರಡು ವಾರ ಹಿಂದುಮುಂದಾದರೂ ವೈನ್ ನಿಲ್ಲುತ್ತದೆ. ಬೇಗ ಕೊಯ್ದದ್ದು ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನಿಗೆ, ನಡುವಿನದು ಟೇಬಲ್ ವೈನಿಗೆ, ಗಿಡದಲ್ಲೇ ಬಿಟ್ಟು ಒಣಗಿಸಿದ್ದು ಸಿಹಿ ಲೇಟ್ ಹಾರ್ವೆಸ್ಟ್‌ಗೆ. ದಕ್ಷಿಣ ಆಫ್ರಿಕಾದಲ್ಲಿ ಅತಿ ಹೆಚ್ಚು ನೆಟ್ಟಿರುವ ವೈನ್ ದ್ರಾಕ್ಷಿ ಶೆನಿನ್ನೇ ಆಗಿರುವುದು ಇದೇ ಕಾರಣಕ್ಕೆ. ಅದರ ತೊಂದರೆ ಬೇರೆ: ಗೊಂಚಲು ಒತ್ತಾಗಿ ಕಟ್ಟಿಕೊಂಡಿರುತ್ತದೆ, ಸಿಪ್ಪೆ ತೆಳು. ಅಕಾಲದ ಮಳೆ ಬಂದು ನೀರು ಗೊಂಚಲಿನ ಒಳಗೆ ನಿಂತರೆ ಒಂದು ಕಾಯಿ ಒಡೆದು ಇಡೀ ಗೊಂಚಲು ಕೊಳೆಯುತ್ತದೆ.

ಔಷಧಿ ಸಿಂಪಡಣೆಯಲ್ಲೂ ಒಂದು ಸೂಕ್ಷ್ಮವಿದೆ. ಬೂಜು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮ ರೈತರಿಗೆ ಕೈವಶವಾದ ಕೆಲಸ. ಆದರೆ ಅದರಲ್ಲಿರುವ ತಾಮ್ರ ಥಯಾಲ್‌ಗಳನ್ನು ಕಟ್ಟಿಹಾಕುತ್ತದೆ. ಕಟಾವಿನ ಹತ್ತಿರ ತಾಮ್ರ ಹೊಡೆದ ಸೋವಿನ್ಯೋನ್‌ನಲ್ಲಿ ಸೀಬೆ, ಚಕ್ಕೋತದ ಘಮ ಸತ್ತುಹೋಗಿರುತ್ತದೆ. ಶೆನಿನ್‌ನ ಘಮ ಥಯಾಲ್ ಮೇಲೆ ಅಷ್ಟಾಗಿ ನಿಂತಿಲ್ಲವಾದ್ದರಿಂದ ಅದಕ್ಕೆ ಪೆಟ್ಟು ಕಡಿಮೆ.

ವೈನರಿಯಲ್ಲಿ ಇಬ್ಬರ ಪಾಡೂ ಹೆಚ್ಚುಕಡಿಮೆ ಒಂದೇ. ನಸುಕಿನಲ್ಲಿ ಕೊಯ್ದು, ಹಣ್ಣನ್ನು ತಣ್ಣಗೆ ಮಾಡಿ, ಹಿಂಡಿ, ಸ್ಟೀಲ್ ಟ್ಯಾಂಕಿನಲ್ಲಿ 12ರಿಂದ 16 ಡಿಗ್ರಿಯಲ್ಲಿ ಎರಡು ಮೂರು ವಾರ ಹುದುಗಿಸುತ್ತಾರೆ. ಮರದ ಪೀಪಾಯಿ ಇವಕ್ಕೆ ಅಪರೂಪ. ಲೇಬಲ್ ಮೇಲೆ ಫ್ಯೂಮೆ ಬ್ಲಾಂಕ್ ಎಂದು ಕಂಡರೆ ಅದು ಸೋವಿನ್ಯೋನೇ. 1968ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಮೊಂಡಾವಿ ಮಾರಾಟಕ್ಕೆಂದು ಕೊಟ್ಟ ಹೆಸರು, ಸಾಮಾನ್ಯವಾಗಿ ಪೀಪಾಯಿಯಲ್ಲಿಟ್ಟದ್ದಕ್ಕೆ ಬಳಸುತ್ತಾರೆ.

ಅಂಗಡಿಯಲ್ಲಿ ಬಾಟಲಿ ಕೈಗೆತ್ತಿಕೊಂಡಾಗ

ಬೆಂಗಳೂರಿನಲ್ಲಿ ವೈನ್ ಹಾಳಾಗುವುದು ಹೆಚ್ಚಾಗಿ ತೋಟದಲ್ಲಲ್ಲ, ಅಂಗಡಿಯ ಶೆಲ್ಫ್ ಮೇಲೆ. ‘ವೈನ್ಸ್’ ಎಂದು ದೊಡ್ಡ ಬೋರ್ಡು ಹಾಕಿದ ಅಂಗಡಿಗಳಲ್ಲಿ ಬಿಯರು, ವಿಸ್ಕಿ ಬೇಗ ಖಾಲಿಯಾಗುತ್ತವೆ, ಅಸಲಿ ವೈನ್ ತಿಂಗಳುಗಟ್ಟಲೆ ಮೇಲಿನ ಸಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತಿರುತ್ತದೆ. ಶಟರ್ ಪಶ್ಚಿಮಕ್ಕಿದ್ದರೆ ಸಂಜೆಯ ಬಿಸಿಲೂ ನೇರ ಬೀಳುತ್ತದೆ. ಸೋವಿನ್ಯೋನಿನ ಪ್ಯಾಶನ್ ಫ್ರೂಟ್ ಘಮ ಕೊಡುವ ಥಯಾಲ್ ಒಂದೆರಡು ವರ್ಷದಲ್ಲೇ ತಾನಾಗಿ ಒಡೆಯುತ್ತಾ ಹೋಗುತ್ತದೆ, ಬಿಸಿ ಇದ್ದಷ್ಟೂ ಬೇಗ. ಆ ಘಮ ಇಳಿದ ಮೇಲೆ ಹಸಿರು ವಾಸನೆ ಒಂಟಿಯಾಗಿ ಉಳಿಯುತ್ತದೆ. ಅದು ಹಾಗೆಲ್ಲ ಒಡೆಯುವ ಪದಾರ್ಥವಲ್ಲ. ಡಬ್ಬಿಯ ಬಟಾಣಿಯಂತೆ ಮೂಸುವ ಹಳೆ ಸೋವಿನ್ಯೋನ್ ಸಿಕ್ಕಿದ್ದರೆ ಕಾರಣ ಇದು.

ಹಾಗಾಗಿ ಮೊದಲು ನೋಡಬೇಕಾದದ್ದು ಲೇಬಲ್ ಮೇಲಿನ ವರ್ಷ. ಆ ವರ್ಷವೆಂದರೆ ಹಣ್ಣು ಕೊಯ್ದ ವರ್ಷ. ಒಂದು ಸೂಕ್ಷ್ಮ ಗಮನದಲ್ಲಿರಲಿ: ಭಾರತದಲ್ಲಿ ಕಟಾವು ವರ್ಷದ ಮೊದಲ ಮೂರು ತಿಂಗಳಲ್ಲಿ, ನ್ಯೂಜಿಲೆಂಡಿನಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ, ಫ್ರಾನ್ಸಿನಲ್ಲಿ ಸೆಪ್ಟೆಂಬರ್ ಸುಮಾರಿಗೆ. ಒಂದೇ ಇಸವಿ ಬರೆದಿದ್ದರೂ ನಮ್ಮ ಬಾಟಲಿ ಫ್ರಾನ್ಸಿನದಕ್ಕಿಂತ ಆರು ತಿಂಗಳು ದೊಡ್ಡದು. ಇಲ್ಲಿನ ಸೋವಿನ್ಯೋನ್ ಆದರೆ ಕಟಾವಿನಿಂದ ಒಂದೂವರೆ ವರ್ಷದೊಳಗಿನದನ್ನು ಕೊಳ್ಳಿ. ಎರಡೂವರೆ ವರ್ಷ ದಾಟಿದ್ದರೆ ರಿಯಾಯಿತಿ ಕೊಟ್ಟರೂ ಬೇಡ. ಶೆನಿನ್‌ಗೆ ಇನ್ನೊಂದು ವರ್ಷ ಸಲುಗೆ ಕೊಡಬಹುದು. ಇಸವಿಯೇ ಇಲ್ಲದಿದ್ದರೆ ಹಿಂದಿನ ಲೇಬಲ್ಲಿನಲ್ಲಿ ಬ್ಯಾಚ್ ನಂಬರಿನ ಹತ್ತಿರ ಬಾಟಲಿಗೆ ತುಂಬಿದ ತಿಂಗಳಿರುತ್ತದೆ, ಅದನ್ನು ನೋಡಿ.

ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಸೋವಿನ್ಯೋನ್ ತಿಳಿ ಹುಲ್ಲಿನ ಬಣ್ಣದಲ್ಲಿದ್ದು ಅಂಚಿನಲ್ಲಿ ಹಸಿರು ಮಿನುಗಬೇಕು. ಶೆನಿನ್ ತುಸು ಹಳದಿ. ಎರಡರಲ್ಲಿ ಯಾವುದೇ ಆಗಲಿ ತಿಳಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಆಡಿದೆ. ಕಾರ್ಕ್ ಬಾಟಲಿಯಾದರೆ ಮೂತಿಯ ಮೇಲೆ ಬೆರಳಾಡಿಸಿ: ಕಾರ್ಕ್ ಉಬ್ಬಿ ಮೇಲೆದ್ದಿದ್ದರೆ, ಕ್ಯಾಪಿನ ಅಂಚು ಅಂಟಂಟಾಗಿದ್ದರೆ ಬಾಟಲಿ ಎಲ್ಲೋ ಕಾದಿದೆ, ವೈನ್ ಹಿಗ್ಗಿ ಒತ್ತಿದೆ. ಇವೆರಡು ತಳಿಗಳಿಗೆ ತಿರುಗಿಸುವ ಮುಚ್ಚಳದ ಬಾಟಲಿಯೇ ಮೇಲು. ಅದು ಅಗ್ಗದ ಲಕ್ಷಣ ಎಂಬುದು ಹಳೆಯ ಭ್ರಮೆ. ನ್ಯೂಜಿಲೆಂಡಿನ ಒಳ್ಳೊಳ್ಳೆ ಸೋವಿನ್ಯೋನ್‌ಗಳು ಬರುವುದೇ ಹಾಗೆ, ಕಾರ್ಕಿನಿಂದ ಬರುವ ಒದ್ದೆ ರಟ್ಟಿನ ವಾಸನೆಯ ಭಯವೂ ಇರದು. ಪೂರ್ತಿ ಬಿಳಿ ಗಾಜಿನ ಬಾಟಲಿಯಾದರೆ ಬೆಳಕಿನಲ್ಲಿ ನಿಂತದ್ದನ್ನು ಬಿಟ್ಟು ಪೆಟ್ಟಿಗೆಯೊಳಗಿನದನ್ನು ಕೇಳಿ ತೆಗೆಸಿಕೊಳ್ಳಿ. ಕೇಳಲು ಸಂಕೋಚ ಬೇಡ, ಕೊಡುತ್ತಾರೆ.

ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಹೆದರಬೇಡಿ. ಅದು ಟಾರ್ಟರಿಕ್ ಆಮ್ಲದ ಲವಣ, ತಂಪಿಗೆ ಹರಳುಗಟ್ಟಿದೆ ಅಷ್ಟೆ. ಗ್ಲಾಸಿಗೆ ಬಗ್ಗಿಸಿದಾಗ ಸಣ್ಣ ಗುಳ್ಳೆಗಳು ಕಂಡು ಕೂಡಲೇ ಆರಿದರೂ ತೊಂದರೆಯಿಲ್ಲ. ಮುಚ್ಚಳ ತೆಗೆದ ತಕ್ಷಣ ಬೆಂಕಿಕಡ್ಡಿ, ರಬ್ಬರಿನ ವಾಸನೆ ಬಂದರೆ ಹತ್ತು ನಿಮಿಷ ಗ್ಲಾಸಿನಲ್ಲಿ ಬಿಡಿ, ಹೋಗುತ್ತದೆ. ಕೊಳೆತ ಸೇಬು, ವಿನೆಗರ್ ವಾಸನೆ ಬಂದರೆ ಮಾತ್ರ ಹೋಗುವುದಿಲ್ಲ.

ದೊಡ್ಡಬಳ್ಳಾಪುರದ ಕಡೆ ವೈನರಿ ನೋಡಲು ಹೋಗಿ ಅಲ್ಲೇ ಬಾಟಲಿ ಕೊಳ್ಳುವವರು ಥರ್ಮೋಕೋಲ್ ಡಬ್ಬಿ ಒಯ್ಯಿರಿ. ಹೊಸ ಬಾಟಲಿ ಸಿಗುವ ಅತ್ಯುತ್ತಮ ಜಾಗ ಅದು. ಹಾಗೆ ತಂದದ್ದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಊಟಕ್ಕೆಂದು ಎರಡು ಗಂಟೆ ನಿಲ್ಲಿಸಿದರೆ ಏಪ್ರಿಲ್ ಬಿಸಿಲಿಗೆ ಕೊಂಡ ಪ್ರಯೋಜನವೇ ಹೋಗುತ್ತದೆ.

ಇಲ್ಲಿಯದಾ, ಹೊರಗಿನದಾ

ಆಮದು ವೈನಿನ ಮೇಲೆ ಕೇಂದ್ರದ ಸುಂಕ ಹಲವು ವರ್ಷ ಶೇಕಡಾ 150ರಷ್ಟಿತ್ತು, ಮೇಲೆ ರಾಜ್ಯದ ಅಬಕಾರಿ. ಹೊರಗೆ ಸಾಧಾರಣ ಬೆಲೆಯ ಬಾಟಲಿ ಇಲ್ಲಿ ದುಬಾರಿಯಾಗಿ ಕೂತಿರುತ್ತದೆ. ಹೀಗಾಗಿ ದಿನಬಳಕೆಗೆ ಭಾರತದ್ದು, ತಳಿಯ ಅಸಲಿ ಮುಖ ನೋಡಬೇಕೆಂದಾಗ ಒಮ್ಮೆ ಆಮದಿನದು, ಎಂಬುದು ನಮ್ಮ ಮತ.

ಹೊರಗಿನದರಲ್ಲೂ ಎರಡು ಧಾಟಿ. ನ್ಯೂಜಿಲೆಂಡಿನ ಮಾರ್ಲ್‌ಬರೋ ಸೋವಿನ್ಯೋನ್ ಘಮದಲ್ಲಿ ಅತಿ ಜೋರು: ಪ್ಯಾಶನ್ ಫ್ರೂಟ್, ದಪ್ಪ ಮೆಣಸಿನಕಾಯಿ ಎರಡೂ ಒಟ್ಟಿಗೆ. ಅಲ್ಲಿ ಈ ತಳಿ ನೆಟ್ಟದ್ದು 1970ರ ದಶಕದಲ್ಲಷ್ಟೇ. ತಳಿಯ ಗುರುತು ಹಿಡಿಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬಾಟಲಿ ಇಲ್ಲ. ಫ್ರಾನ್ಸಿನ ಲ್ವಾರ್ ಕಣಿವೆಯ ಸಾನ್ಸೇರ್, ಪುಯೀ ಫ್ಯೂಮೆ ಹೆಚ್ಚು ಸಂಯಮದವು, ನಿಂಬೆ ಮುಂದು, ಹಣ್ಣು ಹಿಂದು. ಈ ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರು ಸಾಮಾನ್ಯವಾಗಿ ಇರುವುದಿಲ್ಲ, ಊರಿನ ಹೆಸರಷ್ಟೇ. ಸಾನ್ಸೇರ್‌ನಲ್ಲಿ ಕೆಂಪೂ ಇದೆ, ಅದು ಪಿನೋ ನ್ವಾರ್, ನೋಡಿ ತೆಗೆದುಕೊಳ್ಳಿ. ಅದೇ ಲ್ವಾರ್‌ನ ವೂವ್ರೇ ಎಂದರೆ ಶೆನಿನ್. ಅದರಲ್ಲಿ ‘ಸೆಕ್’ ಎಂದಿದ್ದರೆ ಸಿಹಿಯಿಲ್ಲದ್ದು, ‘ಡೆಮಿ ಸೆಕ್’ ಎಂದಿದ್ದರೆ ನಡುವಿನದು. ಭಾರತದ ಸೋವಿನ್ಯೋನ್ ಮಾರ್ಲ್‌ಬರೋ, ಸಾನ್ಸೇರ್ ಎರಡರ ನಡುವೆ ಬರುತ್ತದೆ: ಹಸಿರು ಕಡಿಮೆ, ಸೀಬೆ, ಮಾಗಿದ ನಿಂಬೆ ಹೆಚ್ಚು, ಮೈ (ಬಾಯಲ್ಲಿ ಸಿಗುವ ಗಟ್ಟಿತನ) ತುಸು ತೆಳು. ಮಾರ್ಲ್‌ಬರೋ ಕುಡಿದು ಬಂದು ಇದರಲ್ಲಿ ಅದೇ ಅಬ್ಬರ ಹುಡುಕಿದರೆ ನಿರಾಸೆಯಾಗುತ್ತದೆ.

ಉಳಿದ ಬಿಳಿ ತಳಿಗಳ ಬಗ್ಗೆ ಎರಡೇ ಮಾತು. ವಿಯೋನಿಯೇ ಹೂವಿನ ಘಮದ್ದು, ಹುಳಿ ಕಡಿಮೆ. ಶಾರ್ಡನೇಗೆ ಮೈ ಹೆಚ್ಚು, ಬೆಣ್ಣೆ, ಪೀಪಾಯಿಯ ರುಚಿ ಇಷ್ಟವಿದ್ದವರಿಗೆ. ಚುರುಕು ಬೇಕೆಂದು ಹೊರಟವರಿಗೆ ಎರಡೂ ಅಲ್ಲ.

ನಮ್ಮ ಊಟದ ಜೊತೆ

ಹೆಸರುಬೇಳೆ ಕೋಸಂಬರಿಗೆ ಸೋವಿನ್ಯೋನ್‌ಗಿಂತ ಸರಿಯಾದ ಜೊತೆ ಇಲ್ಲ. ಸೌತೆಕಾಯಿ, ಕೊತ್ತಂಬರಿ, ನಿಂಬೆ ಮೂರೂ ಅದರ ಹಸಿರು ಮುಖಕ್ಕೆ ಹೊಂದುತ್ತವೆ. ನಿಂಬೆ ಹಿಂಡುವುದು ಮಾತ್ರ ಲೆಕ್ಕದಲ್ಲಿರಲಿ. ಆಹಾರದ ಹುಳಿ ವೈನಿನ ಹುಳಿಯನ್ನು ಮೀರಿತೆಂದರೆ ವೈನ್ ನೀರಾಗುತ್ತದೆ. ಎರಡು ಬಟ್ಟಲು ಕೋಸಂಬರಿಗೆ ಅರ್ಧ ಹೋಳು ಸಾಕು. ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ, ರವೆ ಹಚ್ಚಿ ಕರಿದ ಕಾಣೆ ಮೀನು, ಆಡಿನ ಹಾಲಿನ ಚೀಸ್ ಇವೂ ಸೋವಿನ್ಯೋನ್ ಕಡೆಗೆ. ಸಾನ್ಸೇರ್ ಸೀಮೆಯಲ್ಲೇ ಮಾಡುವ ಶಾವಿನ್ಯೋಲ್ ಎಂಬ ಆಡಿನ ಚೀಸನ್ನು ಅಲ್ಲಿನವರು ಈ ವೈನಿನ ಜೊತೆಯೇ ತಿನ್ನುವುದು.

ಖಾರ ಏರಿದಾಗ ಲೆಕ್ಕ ಬದಲಾಗುತ್ತದೆ. ಆಲ್ಕೋಹಾಲ್ ಮೆಣಸಿನ ಉರಿಯನ್ನು ಏರಿಸುತ್ತದೆ, ಸಕ್ಕರೆ ತಗ್ಗಿಸುತ್ತದೆ. ಆಂಧ್ರ ಶೈಲಿಯ ಚಿಲ್ಲಿ ಚಿಕನ್, ಗೋಬಿ ಮಂಚೂರಿ, ಕೆಂಪು ಚಟ್ನಿ ಸವರಿದ ಮಸಾಲೆ ದೋಸೆ ಮುಂದಿದ್ದರೆ ತುಸು ಸಿಹಿ ಇರುವ ಶೆನಿನ್ ತಣ್ಣಗೆ ಮಾಡಿ ಕೊಡಿ. ತೆಂಗಿನಕಾಯಿ ಹಾಲಿನ ಮಂಗಳೂರು ಗಸಿಗೂ ಅದೇ, ಅಲ್ಲಿ ಸೋವಿನ್ಯೋನಿನ ಹಸಿರು ಕಹಿಯಾಗಿ ಕಾಣುತ್ತದೆ. ದೊನ್ನೆ ಬಿರಿಯಾನಿ ಮಾತ್ರ ಚರ್ಚೆಯ ವಿಷಯ. ಪುದೀನ, ಕೊತ್ತಂಬರಿಯ ಮಸಾಲೆ ಸೋವಿನ್ಯೋನ್‌ನನ್ನು ಕರೆಯುತ್ತದೆ, ಹಸಿಮೆಣಸಿನ ಉರಿ ಬೇಡ ಅನ್ನುತ್ತದೆ. ಮನೆಯಲ್ಲಿ ಖಾರ ತಗ್ಗಿಸಿ ಮಾಡಿದರೆ ಸೋವಿನ್ಯೋನ್, ಮಿಲಿಟರಿ ಹೋಟೆಲಿನಿಂದ ತಂದರೆ ಶೆನಿನ್.

ಹುಣಸೆಹುಳಿ ಮುಂದಾದ ಸಾರು, ಗೊಜ್ಜುಗಳಿಗೆ ಎರಡೂ ಬೇಡ. ಹೋಳಿಗೆ, ಪಾಯಸದ ಜೊತೆ ಡ್ರೈ ವೈನ್ ಕೊಟ್ಟರೆ ಬರೀ ಹುಳಿನೀರು ಅನಿಸುತ್ತದೆ. ಅಲ್ಲಿಗೆ ಬೇಕಾದದ್ದು ಶೆನಿನ್‌ನ ಲೇಟ್ ಹಾರ್ವೆಸ್ಟ್, 50 ಮಿಲಿ ಸಾಕು.

ತಂಪು, ಅಳತೆ, ಉಳಿದದ್ದು

ಸೋವಿನ್ಯೋನ್‌ಗೆ 8ರಿಂದ 10 ಡಿಗ್ರಿ. ಶೆನಿನ್ ಡ್ರೈ ಆದರೆ 10ರಿಂದ 12, ಸಿಹಿ ಇದ್ದರೆ 8. ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಇರುವುದರಿಂದ ರಾತ್ರಿಯಿಡೀ ಇಟ್ಟ ಬಾಟಲಿಯನ್ನು ಬಡಿಸುವ ಕಾಲು ಗಂಟೆ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಘಮ ಏಳುವುದೇ ಇಲ್ಲ, ದುಡ್ಡು ಕೊಟ್ಟಿದ್ದೇ ಆ ಘಮಕ್ಕೆ. ತುರ್ತಾಗಿ ತಂಪು ಮಾಡಬೇಕಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ, 20 ನಿಮಿಷ. ನೀರಿಲ್ಲದೆ ಬರೀ ಐಸು ಹಾಕಿದರೆ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗಿ ಹೊತ್ತಾಗುತ್ತದೆ. ಫ್ರೀಜರಿನಲ್ಲಿಟ್ಟರೆ ಅರ್ಧ ಗಂಟೆಗೆ ಅಲಾರಂ ಇಟ್ಟುಕೊಳ್ಳಿ, ಮರೆತರೆ ವೈನ್ ಗಟ್ಟಿಯಾಗಿ ಕಾರ್ಕ್ ಎಗರಿಸುತ್ತದೆ.

ಗ್ಲಾಸಿಗೆ 100ರಿಂದ 125 ಮಿಲಿ ಮಾತ್ರ ಬಗ್ಗಿಸಿ. ಬೇಸಿಗೆಯ ಸಂಜೆ ತುಂಬಿದ ಗ್ಲಾಸು ಅರ್ಧ ಮುಗಿಯುವುದರೊಳಗೆ ಬೆಚ್ಚಗಾಗುತ್ತದೆ. 750 ಮಿಲಿಯ ಬಾಟಲಿಗೆ ಆರು ಗ್ಲಾಸು ಲೆಕ್ಕ. ಹನ್ನೆರಡು ಜನರಿಗೆ ತಲಾ ಎರಡು ಎಂದರೆ ನಾಲ್ಕು ಬಾಟಲಿ. ಬಂದವರ ರುಚಿ ಗೊತ್ತಿಲ್ಲದಿದ್ದರೆ ಮೂರು ಶೆನಿನ್, ಒಂದು ಸೋವಿನ್ಯೋನ್. ಮೊದಲ ಸಲ ಕುಡಿಯುವವರು ಶೆನಿನ್ ಕಡೆಗೇ ಕೈ ಚಾಚುತ್ತಾರೆ. 12.5 ಪ್ರತಿಶತದ ವೈನ್ ಎರಡು ಗ್ಲಾಸು ಆದವರು ಗಾಡಿ ಕೀ ಮನೆಯವರ ಕೈಗೆ ಕೊಟ್ಟು ಕ್ಯಾಬಿನಲ್ಲಿ ಹೋಗಲಿ.

ರೆಸ್ಟೋರೆಂಟಿನಲ್ಲಿ ಗ್ಲಾಸ್ ಲೆಕ್ಕದಲ್ಲಿ ತರಿಸುವುದಾದರೆ ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಿ. ನಿನ್ನೆಯದಾದರೆ ಶೆನಿನ್ ಕುಡಿಯಬಹುದು. ಸೋವಿನ್ಯೋನ್ ಆದರೆ ಹೊಸ ಬಾಟಲಿ ತೆರೆಯಲು ಹೇಳಿ, ಇಲ್ಲವೆಂದರೆ ಬೇರೇನಾದರೂ ತರಿಸಿ.

ಮನೆಯಲ್ಲಿ ಉಳಿದ ಸೋವಿನ್ಯೋನ್ ಫ್ರಿಜ್ಜಿನಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು. ಶೆನಿನ್ ನಾಲ್ಕೈದು ದಿನ ತಡೆಯುತ್ತದೆ. ಅರ್ಧ ಬಾಟಲಿ ಉಳಿಯುತ್ತದೆಂದು ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ 375 ಮಿಲಿಯ ಖಾಲಿ ಬಾಟಲಿಯೊಂದಕ್ಕೆ ಕಂಠಮಟ್ಟ ತುಂಬಿ ಮುಚ್ಚಿಡಿ. ಮೇಲೆ ಗಾಳಿಗೆ ಜಾಗವಿಲ್ಲದ್ದರಿಂದ ಸೋವಿನ್ಯೋನ್ ಕೂಡ ವಾರದ ಹತ್ತಿರ ಬರುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿರಬೇಕು, ಸಾಬೂನಿನ ವಾಸನೆ ಒಂದಿಷ್ಟು ಉಳಿದರೂ ವೈನ್ ಅದನ್ನು ಹೀರಿಕೊಳ್ಳುತ್ತದೆ.